ಡಿಂಪ್ನಾ ಮಿಸ್ಸಿನ ನಾಲ್ಕನೇ ಕಾಲಂ

ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿದವನ ಹೆಸರು ಹತ್ತಾರು ರಿಜಿಸ್ಟರುಗಳಲ್ಲಿ ಬಿದ್ದಿರುತ್ತದೆ. ನನ್ನದೂ ಇದೆ. ಹಾಜರಿ ಪುಸ್ತಕದಲ್ಲಿದೆ, ರಜೆ ಪುಸ್ತಕದಲ್ಲಿದೆ, ಒಮ್ಮೆ ಠಾಣೆಯ ಕಾರನ್ನು ಹಂದಿಗೂಡಿಗೆ ನುಗ್ಗಿಸಿದ್ದಕ್ಕೆ ಬೇರೊಂದು ಪುಸ್ತಕದಲ್ಲೂ ಇದೆ. ಅವು ಯಾವುವೂ ನನಗೆ ಬೇಡ. ನನಗೆ ಬೇಕಾದ್ದು ಒಂದೇ ಒಂದು ಕಡೆ ಬರೆದಿರುವ ಹೆಸರು, ಅದೂ ಶಾಲೆ ಮಕ್ಕಳ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ. ಬರೆದವರು ಡಿಂಪ್ನಾ ಟಾಲ್ಟಿ. ಮೂರನೇ ತರಗತಿಯಲ್ಲಿ ನನ್ನ ಕಿವಿ ಹಿಂಡಿದವರು, ನನಗೆ ತಲೆ ನೆರೆತ ಮೇಲೆ ನನ್ನ ಕೆಲಸವನ್ನು ನನ್ನ ಕೈಯಲ್ಲೇ ಮಾಡಿಸಿದವರು. ಅವರ ಋಣ ನನ್ನ ಮೇಲಿದೆ. ಅದನ್ನು ತೀರಿಸುವ ದಾರಿ ಗೊತ್ತಿಲ್ಲದೆ ಬರೆಯಲು ಕೂತಿದ್ದೇನೆ.

ಶ್ಯಾನನ್ ನದಿ ಅಗಲವಾಗಿ ಬಾಯಿ ತೆರೆದು ಸಮುದ್ರ ಸೇರುವ ಕಡೆ ನಮ್ಮ ವಿಮಾನ ನಿಲ್ದಾಣ. ಐರ್ಲೆಂಡ್ ಯಾರ ಯುದ್ಧಕ್ಕೂ ಸೇರದ ದೇಶ ಎಂದು ನಮಗೆಲ್ಲ ಹೆಮ್ಮೆ. ಅಮೆರಿಕದ ಸೈನಿಕರು ಮರುಭೂಮಿಯ ಕಡೆ ಯುದ್ಧಕ್ಕೆ ಹೋಗುವಾಗ ಬರುವಾಗ ಅವರ ವಿಮಾನ ಇಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳುತ್ತಿತ್ತು. ಇಳಿಯಲು ನಮ್ಮ ಸರ್ಕಾರದ ಅಪ್ಪಣೆ ಬೇಕು. ಒಳಗೆ ಬಂದೂಕಿಲ್ಲ, ಮದ್ದುಗುಂಡಿಲ್ಲ ಎಂದು ಅವರು ಬರೆದುಕೊಡಬೇಕು. ಅವರು ಬರೆದುಕೊಡುತ್ತಿದ್ದರು, ನಮ್ಮವರು ಓದಿಕೊಳ್ಳುತ್ತಿದ್ದರು. ಹತ್ತಿ ನೋಡಿದವರನ್ನು ನಾನಂತೂ ಕಂಡಿರಲಿಲ್ಲ.

ಅಂಥ ವಿಮಾನ ಬಂದಾಗಲೆಲ್ಲ ಅದನ್ನು ಕಾಯುವುದು ನನ್ನ ಪಾಲಿನ ಕೆಲಸ. ಕಾರು ಅದರ ಹತ್ತಿರ ನಿಲ್ಲಿಸಿ, ವಿಮಾನಕ್ಕೆ ಬೆನ್ನು ಹಾಕಿ, ಬೇಲಿಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಬೇಲಿಯ ಆಚೆ, ರಸ್ತೆ ತಿರುಗುವಲ್ಲಿ ಒಂದು ಮುಳ್ಳುಗಿಡದ ಕೆಳಗೆ, ಮಡಚುವ ಸ್ಟೂಲು ಹಾಕಿಕೊಂಡು ಡಿಂಪ್ನಾ ಮಿಸ್ ಕೂತಿರುತ್ತಿದ್ದರು. ಕೊರಳಲ್ಲಿ ದುರ್ಬೀನು, ತೊಡೆಯ ಮೇಲೆ ನೋಟ್‌ಬುಕ್ಕು. ದೇಶದ ಸಮಸ್ತ ಶತ್ರುಗಳಿಂದ ನಾನು ಆ ವಿಮಾನವನ್ನು ಕಾಪಾಡುತ್ತಿದ್ದೆ, ಮತ್ತು ಸಮಸ್ತ ಶತ್ರುಗಳೆಂದರೆ ನನ್ನ ಹಳೆಯ ಟೀಚರ್ ಒಬ್ಬರೇ.

ವಿಮಾನ ಹೋದ ಮೇಲೆ ಬೇಲಿ ಹತ್ತಿರ ಹೋದರೆ ಶುರುವಾಗುತ್ತಿತ್ತು.

“ಸೆನಾನ್, ನೆಟ್ಟಗೆ ನಿಂತ್ಕೊಳೋ. ಗೂನು ಬೀಳುತ್ತೆ.”

“ಮಿಸ್, ನಾನು ಡ್ಯೂಟಿ ಮೇಲಿದೀನಿ.”

“ಇದೀಯಪ್ಪ. ಡ್ಯೂಟಿ ನಿನ್ನ ಬೆನ್ನ ಹಿಂದೆ ನಿಂತಿತ್ತು, ನೀನು ಈ ಕಡೆ ನೋಡ್ತಾ ಇದ್ದೆ.”

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ಆಗ ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಎಡವಟ್ಟ ಯಾರೆಂದು ಆಮೇಲೆ ತಿಳಿಯಿತು.

ಅವರ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ. ತಾರೀಖು, ಗಂಟೆ, ವಿಮಾನದ ಬಾಲದ ಮೇಲಿನ ನಂಬರು, ಕೊನೆಯದು ‘ಒಳಗೆ ಹೋಗಿ ನೋಡಿದವರು’. ಮೊದಲ ಮೂರು ನೀಲಿ ಇಂಕಿನಲ್ಲಿ ತುಂಬಿರುತ್ತಿದ್ದವು. ನಾಲ್ಕನೆಯದು ಪುಟದಿಂದ ಪುಟಕ್ಕೆ, ಪುಸ್ತಕದಿಂದ ಪುಸ್ತಕಕ್ಕೆ ಬೆಳ್ಳಗೆ ಹಾಗೇ ಇರುತ್ತಿತ್ತು. ವರ್ಷಕ್ಕೊಮ್ಮೆ ಅದರ ಪ್ರತಿ ತೆಗೆದು ಸಂಸತ್ತಿನವರಿಗೆ ಕಳಿಸುತ್ತಿದ್ದರು. ವಿನಯದ ಉತ್ತರವೂ ಬರುತ್ತಿತ್ತು, ಭರವಸೆ ಸಿಕ್ಕಿದೆ, ನಮಗೆ ತೃಪ್ತಿಯಿದೆ ಅಂತ.

“ಮಿಸ್, ಈ ಕೊನೇ ಕಾಲಂ ಯಾಕೆ ಹಾಕ್ತೀರಿ? ಒಂದು ದಿನಾನೂ ಏನೂ ಬರೆಯಲ್ಲ. ಕಾಗದ ದಂಡ.”

“ಗೆರೆ ಹಾಕದೆ ಇದ್ರೆ ಖಾಲಿ ಇದೆ ಅಂತ ಯಾರಿಗೆ ಗೊತ್ತಾಗುತ್ತೆ?” ಅಂದರು. ಸ್ಕೇಲು ತೆಗೆದು ಮುಂದಿನ ಪುಟಕ್ಕೂ ಗೆರೆ ಎಳೆದರು.

ಒಂದು ವರ್ಷ ಮಿಸ್ ನಮ್ಮ ಚರ್ಚಿನ ಗುಂಪಿನ ಜೊತೆ ಫ್ರಾನ್ಸಿನ ಲೂರ್ಡ್ಸ್ ಕ್ಷೇತ್ರಕ್ಕೆ ಯಾತ್ರೆ ಹೊರಟಾಗ, ಅದೇ ನಿಲ್ದಾಣದಲ್ಲಿ ತಪಾಸಣೆಯವರು ಅವರ ಚೀಲದಲ್ಲಿದ್ದ ಜಾಮ್ ಬಾಟಲಿಯನ್ನು ಹಿಡಿದರು. ಮನೆಯಲ್ಲೇ ಮಾಡಿದ ಕಪ್ಪು ದ್ರಾಕ್ಷಿ ಜಾಮು. ಒಬ್ಬ ಮೂಸಿದ, ಒಬ್ಬಳು ಅಲ್ಲಾಡಿಸಿದಳು, ಮೂರನೆಯವನು ಪುಸ್ತಕ ನೋಡಿ ಇದು ದ್ರವ ಎಂದು ತೀರ್ಪು ಕೊಟ್ಟ. ಯಾತ್ರೆಯಿಂದ ಬಂದವರೇ ನೇರ ಬೇಲಿಗೆ ಬಂದರು.

“ಅಲ್ಲ ಕಣೋ, ನನ್ನ ಒಂದು ಬಾಟಲಿ ಜಾಮ್ ನೋಡೋಕೆ ಮೂರು ಜನ. ಇಷ್ಟು ದಪ್ಪ ವಿಮಾನ ನೋಡೋಕೆ ಒಬ್ಬನೂ ಇಲ್ಲ. ಮುಂದಿನ ಸಲ ಆ ಸೈನಿಕರ ಕೈಲಿ ಒಂದು ಬಾಟಲಿ ಜಾಮ್ ಕೊಟ್ಟು ಕಳಿಸ್ತೀನಿ, ಆಗಲಾದ್ರೂ ನೋಡ್ತಾರೇನೋ.”

ನನಗೆ ನಗು ತಡೆಯಲಾಗಲಿಲ್ಲ. ಆದರೆ ಊರಿನಲ್ಲಿ ನಗುವವರು ಕಡಿಮೆ. ನಮ್ಮಲ್ಲಿ ಮನೆಗೊಬ್ಬರಂತೆ ಆ ನಿಲ್ದಾಣದಲ್ಲಿ ದುಡಿಯುತ್ತಾರೆ. ನನ್ನ ಹೆಂಡತಿ ಕನ್ಸೆಪ್ಟಾ ಅಲ್ಲಿನ ಅಡುಗೆಮನೆಯಲ್ಲೇ ಸ್ಯಾಂಡ್‌ವಿಚ್ ಮಾಡುತ್ತಿದ್ದಳು. ಈ ಹೆಂಗಸು ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಾಳೆ ಎಂದು ಜನ ಮುಖ ತಿರುಗಿಸಿದರು. ರಸ್ತೆಯಲ್ಲಿ ಎದುರಾದ ಕಾರಿನವರಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು ನಮ್ಮ ಕಡೆಯ ನಮಸ್ಕಾರ. ಶತ್ರುವಿಗೂ ಎತ್ತುತ್ತೇವೆ. ಮಿಸ್ಸಿನ ಹಳೆಯ ಕಾರಿಗೆ ಬೆರಳುಗಳು ಏಳುವುದು ನಿಂತುಹೋಯಿತು. ನಾನು ಎತ್ತುತ್ತಿದ್ದೆ, ಆದರೆ ಪಕ್ಕದಲ್ಲಿ ಯಾರೂ ಕೂತಿಲ್ಲದಾಗ ಮಾತ್ರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಕನ್ಸೆಪ್ಟಾ ನನಗಿಂತ ಗಟ್ಟಿ ಹೆಣ್ಣು. ಮಿಸ್ಸಿನ ಮೇಲೆ ಸಿಟ್ಟಿದ್ದರೂ ದಿನಾ ಎರಡು ಫ್ಲಾಸ್ಕ್ ಚಹಾ ತುಂಬುತ್ತಿದ್ದಳು, ಒಂದು ನನಗೆ, ಒಂದು ಬೇಲಿಗೆ.

“ಸಿಟ್ಟು ಬೇರೆ, ಚಳಿ ಬೇರೆ,” ಎನ್ನುತ್ತಿದ್ದಳು.

ಮಿಸ್ ಯಾಕೆ ಹೀಗೆ ಕೈತೊಳೆದುಕೊಂಡು ಇದರ ಹಿಂದೆ ಬಿದ್ದರು ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಮ್ಮಲ್ಲಿ ಯಾರಾದರೂ ಸತ್ತರೆ ಎರಡು ದಿನ ಮನೆಯಲ್ಲೇ ಮಲಗಿಸುತ್ತಾರೆ. ಶವಪೆಟ್ಟಿಗೆಯ ಮುಚ್ಚಳ ತೆಗೆದಿರುತ್ತದೆ. ಊರೆಲ್ಲ ಸಾಲಾಗಿ ಬಂದು ಮುಖ ನೋಡಿ, ತಣ್ಣನೆಯ ಕೈ ಮುಟ್ಟಿ, ಮನೆಯವರ ಕೈ ಕುಲುಕಿ ‘ನಿಮ್ಮ ಕಷ್ಟಕ್ಕೆ ಮರುಗ್ತೀವಿ’ ಎನ್ನಬೇಕು. ಒಬ್ಬರ ಕೈ ಹಿಡಿದು ಪಕ್ಕದವರನ್ನು ಬಿಡುವಂತಿಲ್ಲ. ಬಿಟ್ಟರೆ ಮೂರು ತಲೆಮಾರು ಮಾತು ಮುರಿಯುತ್ತದೆ. ಸಾವಿನ ವಿಷಯದಲ್ಲಿ ನಾವು ಯಾರ ಮಾತನ್ನೂ ನಂಬುವುದಿಲ್ಲ, ಹೋಗಿ ನೋಡುತ್ತೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿ ನಮ್ಮದು.

ಡಿಂಪ್ನಾ ಮಿಸ್ಸಿಗೆ ಹದಿನಾಲ್ಕು ವರ್ಷವಾಗಿದ್ದಾಗ ಅವರ ಅಣ್ಣ ಕೋಲ್ಮನ್ ವಿಶ್ವಸಂಸ್ಥೆಯ ನೀಲಿ ಟೋಪಿಯ ಶಾಂತಿಪಡೆಯಲ್ಲಿ ಕಾಂಗೋಗೆ ಹೋದ. ಜಗಳ ಬಿಡಿಸಲು ಹೋದವನು ಅಲ್ಲೇ ಸತ್ತ. ಪೆಟ್ಟಿಗೆ ಮನೆಗೆ ಬಂತು, ಮುಚ್ಚಳಕ್ಕೆ ಸ್ಕ್ರೂ ಹಾಕಿತ್ತು. ದೂರದ ಬಿಸಿಲ ದೇಶ, ದಿನಗಳು ಬಹಳ ಆಗಿದ್ದವು, ತೆರೆಯಬಾರದು ಅಂದರು. ಆ ದಿನ ನನ್ನ ಅಮ್ಮ ಆ ಮನೆಯಲ್ಲಿದ್ದಳು. ಕೋಲ್ಮನ್‌ನ ತಾಯಿ ಪೆಟ್ಟಿಗೆಯ ಮೇಲೆ ಕೈ ಇಟ್ಟು, ಜೊತೆಗೆ ಬಂದಿದ್ದ ಅಧಿಕಾರಿಯನ್ನು ಕೇಳಿದಳಂತೆ, “ಇದರೊಳಗೆ ಇರೋದು ನನ್ನ ಮಗನೇ ಅಂತ ನೀವು ನೋಡಿದೀರಾ?” ಆತ ಒಳ್ಳೆಯವನೇ. ಟೋಪಿ ತೆಗೆದು, “ಅಮ್ಮಾ, ನಮಗೆ ಭರವಸೆ ಕೊಟ್ಟಿದಾರೆ,” ಅಂದನಂತೆ.

ಆ ತಾಯಿ ಇನ್ನೂ ಹತ್ತೊಂಬತ್ತು ವರ್ಷ ಬದುಕಿದಳು. ಹತ್ತೊಂಬತ್ತು ವರ್ಷವೂ ಊಟದ ಮೇಜಿನ ಮೇಲೆ ಕೋಲ್ಮನ್‌ನ ತಟ್ಟೆ ಇಡುತ್ತಿದ್ದಳು. ನೋಡಿದವರಿಲ್ಲವಲ್ಲ, ಬಂದರೂ ಬಂದಾನು ಎಂದು. ಆ ತಟ್ಟೆಯನ್ನು ದಿನಾ ತೊಳೆದಿಡುತ್ತಿದ್ದವರು ಮಗಳು. ಮದುವೆಯಾಗಲಿಲ್ಲ. ಊರ ಮಕ್ಕಳಿಗೆಲ್ಲ ಪಾಠ ಹೇಳಿದರು. ನಾವು ಲೆಕ್ಕ ಮಾಡಿ ತೋರಿಸಿದರೆ, “ತಾಳೆ ನೋಡಿದ್ಯಾ?” ಎಂದು ಮೊದಲು ಕೇಳುತ್ತಿದ್ದರು. ನೋಡಿಲ್ಲ ಅಂದರೆ ಉತ್ತರ ಸರಿಯಿದ್ದರೂ ಕೆಂಪು ರೈಟು ಸಿಗುತ್ತಿರಲಿಲ್ಲ. ನನಗಂತೂ ಆ ವರ್ಷ ಒಂದೂ ಸಿಗಲಿಲ್ಲ. ನೋಡಿದೆ ಅಂತ ಸುಳ್ಳು ಹೇಳುತ್ತಿದ್ದೆ, ಅವರು ನನ್ನ ಮುಖ ನೋಡಿ ಪುಸ್ತಕ ವಾಪಸ್ಸು ಕೊಡುತ್ತಿದ್ದರು.

ಬೇಲಿಯ ಹತ್ತಿರ ಕೂರಲು ಶುರುಮಾಡಿದ ಹನ್ನೊಂದನೇ ವರ್ಷದ ವಸಂತದಲ್ಲಿ ಮಿಸ್ಸಿನ ಉಸಿರು ಕೆಟ್ಟಿತು. ಕಾರಿನಿಂದ ಸ್ಟೂಲಿನವರೆಗೆ ಬರಲು ಎರಡು ಕಡೆ ನಿಲ್ಲುತ್ತಿದ್ದರು. ಒಂದು ದಿನ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನನ್ನನ್ನು ಕರೆದರು.

“ಸೆನಾನ್, ನಿನ್ನ ಸರ್ವಿಸ್ ಇನ್ನೆಷ್ಟು ದಿನ ಇದೆ?”

“ಸೆಪ್ಟೆಂಬರಿಗೆ ಮುಗೀತು ಮಿಸ್.”

“ನಂದು ಅಷ್ಟು ದಿನ ಎಳೆಯಲ್ಲ ಅಂತಾರೆ ಡಾಕ್ಟರು.” ಊಟವಾಯಿತಾ ಎಂದು ಕೇಳುವಂತೆ ಹೇಳಿದರು. “ಅದಕ್ಕೆ ಒಂದು ಮಾತು ಕೇಳ್ತೀನಿ. ಒಂದೇ ಒಂದು ವಿಮಾನ. ಮೇಲೆ ಹತ್ತಿ, ನೋಡಿ, ಇಳಿದು ಬಂದು ನನಗೆ ಹೇಳು. ಪೇಪರಿಗೆ ಬೇಡ, ಕೋರ್ಟಿಗೆ ಬೇಡ. ಏನೂ ಇಲ್ಲದಿದ್ರೆ ಏನೂ ಇಲ್ಲ ಅಂತಾನೇ ಹೇಳು. ಒಬ್ಬರಾದ್ರೂ ನೋಡಿದಾರೆ ಅಂತ ಗೊತ್ತಾದ್ರೆ ಸಾಕು ನನಗೆ.”

“ನನಗೆ ಅಧಿಕಾರ ಇಲ್ಲ ಮಿಸ್. ಅದು ಅವರ ಸರ್ಕಾರದ ವಿಮಾನ. ಬೇಡ ಅಂದ್ರೆ ಮುಗೀತು.”

“ಬೇಡ ಅಂದ್ರಾ?”

“ಅಂದೇ ಅಂತಾರೆ.”

“ಕೇಳಿದೀಯಾ?”

ಕೇಳಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಾಯಿ ಬಿಟ್ಟು ಕೇಳಿರಲಿಲ್ಲ. ಮಿಸ್ ನನ್ನ ಮುಖ ನೋಡಿದರು. ನೋಟ್‌ಬುಕ್ ವಾಪಸ್ಸು ಕೊಡುವಾಗಿನ ಅದೇ ನೋಟ.

ಮನೆಯಲ್ಲಿ ಕನ್ಸೆಪ್ಟಾಗೆ ಹೇಳಿದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ಕೇಳೋಕೆ ಏನು ರೋಗ ನಿನಗೆ? ಕೇಳಿದ್ರೆ ಪಿಂಚಣಿ ಕಿತ್ಕೋತಾರಾ?” ಅಂದಳು.

“ಕಿತ್ಕೊಂಡ್ರೆ?”

“ಸ್ಯಾಂಡ್‌ವಿಚ್ ಮಾಡೋದು ಹೇಳ್ಕೊಡ್ತೀನಿ. ನಿನ್ನ ಕೈಗೆ ಅದೂ ಬರಲಿಕ್ಕಿಲ್ಲ ಅನ್ನು.”

ಮುಂದಿನ ವಿಮಾನ ಬಂದಾಗ ಮೆಟ್ಟಿಲ ಬುಡಕ್ಕೆ ಹೋದೆ. ಕೆಳಗೆ ನಿಂತಿದ್ದ ಅವರ ಅಧಿಕಾರಿಯನ್ನು, ಒಳಗೆ ಒಮ್ಮೆ ನೋಡಬಹುದೇ ಎಂದು ಕೇಳಿದೆ. ಆಗುವುದಿಲ್ಲ, ಕ್ಷಮಿಸಿ ಅಂದ. ಸರಿ ಅಂದೆ. ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಖುಷಿಯಲ್ಲಿ ಬೇಲಿಗೆ ಬಂದೆ.

“ಕೇಳಿದೆ ಮಿಸ್. ಆಗಲ್ಲ ಅಂದ್ರು.”

“ಎಷ್ಟು ಸಲ ಕೇಳಿದೆ?”

“ಒಂದು ಸಲ.”

ಮಿಸ್ ಕನ್ನಡಕ ತೆಗೆದರು. “ನಿಮ್ಮಮ್ಮ ಮನೆಗೆ ಬಂದವರಿಗೆ ಚಹಾ ಬೇಕಾ ಅಂತ ಎಷ್ಟು ಸಲ ಕೇಳ್ತಿದ್ಲು?”

ನಾನು ತಲೆ ತಗ್ಗಿಸಿದೆ. ನಮ್ಮಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಚಹಾ ಬೇಕಾ ಅಂದರೆ ಮೊದಲ ಸಲ ಬೇಡ ಅನ್ನಬೇಕು, ಅದು ಮರ್ಯಾದೆ. ಎರಡನೇ ಸಲ ಅಯ್ಯೋ ನಿಮಗೆ ಯಾಕೆ ತೊಂದರೆ ಅನ್ನಬೇಕು, ಅದೂ ಮರ್ಯಾದೆ. ಮೂರನೇ ಸಲ ಕೇಳಿದಾಗ ಅರ್ಧ ಕಪ್ ಸಾಕು ಅಂದು ಎರಡು ಕಪ್ ಕುಡಿಯಬೇಕು. ಒಂದು ಸಲ ಕೇಳಿ ಬಿಟ್ಟವಳನ್ನು ಜಿಪುಣಿ ಎಂದು ಆಡಿಕೊಳ್ಳುತ್ತಾರೆ.

“ಅವರು ನಮ್ಮೂರಿನವರಲ್ಲ ಮಿಸ್. ಅವರಲ್ಲಿ ಬೇಡ ಅಂದ್ರೆ ಬೇಡ.”

“ಬಂದು ಇಳಿದಿರೋದು ಯಾರ ಊರಲ್ಲಿ?” ಅಂದರು. ಕೆಮ್ಮು ಬಂತು. ಬಹಳ ಹೊತ್ತು ನಿಲ್ಲಲಿಲ್ಲ. ತಂತಿಯ ಸಂದಿಯಿಂದ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟೆ. ಅರ್ಧ ಕುಡಿದು, “ಮೂರು ಸಲ,” ಎಂದು ಬೆರಳು ಎತ್ತಿ ತೋರಿಸಿದರು.

ಅದಾದ ಮೇಲೆ ಮೂರು ವಾರ ಯಾವ ವಿಮಾನವೂ ಬರಲಿಲ್ಲ. ಮಿಸ್ ದಿನಾ ಬಂದು ಕೂರುತ್ತಿದ್ದರು, ದಿನದಿಂದ ದಿನಕ್ಕೆ ಸ್ಟೂಲು ದೊಡ್ಡದಾದಂತೆ ಕಾಣುತ್ತಿತ್ತು. ಹೊತ್ತು ಮೀರಿ ಹೋಗುತ್ತದೇನೋ ಎಂದು ನನಗೆ ಭಯ ಹತ್ತಿತು. ಹನ್ನೊಂದು ವರ್ಷ ಬರದಿದ್ದರೆ ಸಾಕು ಎಂದುಕೊಂಡಿದ್ದ ವಿಮಾನಕ್ಕೆ ಆಗ ನಾನು ಕಾದಂತೆ ಯಾರೂ ಕಾದಿರಲಾರರು.

ಜುಲೈ ತಿಂಗಳ ಒಂದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಬಂತು. ಸೈನ್ಯದ ಸಾಮಾನು ಸಾಗಿಸುವ ದಪ್ಪ ಹೊಟ್ಟೆಯ ವಿಮಾನ. ಬಿಸಿಲಿತ್ತು, ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮೆಟ್ಟಿಲ ಹತ್ತಿರ ಸುಮಾರು ನಲವತ್ತರ ಪ್ರಾಯದ ಒಬ್ಬ ಕ್ಯಾಪ್ಟನ್ ನಿಂತಿದ್ದ. ನಿದ್ದೆಗೆಟ್ಟ ಕಣ್ಣು.

ಮೊದಲ ಸಲ ಕೇಳಿದೆ. “ಆಗಲ್ಲ ಸರ್. ನಿಯಮ ಇಲ್ಲ.”

ಕೇಳಿ ಸುಮ್ಮನೆ ನಿಲ್ಲುವ ಹಾಗಿಲ್ಲ, ನಡುವೆ ಮಾತು ಬೇಕು. ಹವೆ ಚೆನ್ನಾಗಿದೆ ಅಂದೆ. ಹೌದು ಅಂದ. ನಿನ್ನೆ ಇಷ್ಟು ಚೆನ್ನಾಗಿರಲಿಲ್ಲ ಅಂದೆ. ಹೌದಾ ಅಂದ. ಅಮೆರಿಕದವರಲ್ಲಿ ಹೆಚ್ಚಿನವರಿಗೆ ನಮ್ಮ ಕಡೆಯ ಮುತ್ತಜ್ಜಿ ಒಬ್ಬಳಿರುತ್ತಾಳೆ, ಆ ಎಳೆ ಹಿಡಿಯೋಣ ಎಂದು ಕೇಳಿದರೆ ಇವನಿಗೆ ಇರಲಿಲ್ಲ. ನನ್ನ ಗ್ರಹಚಾರ. ಎರಡನೇ ಸಲ ಕೇಳಿದೆ.

“ಹೇಳಿದ್ನಲ್ಲ ಸರ್. ನಿಮಗೆ ಸುಮ್ನೆ ತೊಂದರೆ.”

ನಿಮಗೆ ಯಾಕೆ ತೊಂದರೆ! ನಮ್ಮ ಮಾತನ್ನೇ ಆಡಿಬಿಟ್ಟನಲ್ಲ ಎಂದು ನನಗೆ ಧೈರ್ಯ ಬಂತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

“ನೋಡಿ, ನಾನು ಸೆಪ್ಟೆಂಬರಿಗೆ ರಿಟೈರ್ ಆಗ್ತೀನಿ. ಆ ಬೇಲಿ ಹತ್ತಿರ ಕೂತಿದಾರಲ್ಲ, ಅವರು ನನಗೆ ಮೂರನೇ ಕ್ಲಾಸಲ್ಲಿ ಮಿಸ್ ಆಗಿದ್ದೋರು. ಹುಷಾರಿಲ್ಲ. ಒಂದು ಸಲ ಒಳಗೆ ನೋಡ್ಕೊಂಡು ಬಾ ಅಂದಿದಾರೆ. ನಿಮ್ಮನ್ನ ಕಳ್ಳರು ಅಂತ ಅಲ್ಲ. ನೋಡದೇ ನೋಡಿದೆ ಅನ್ನಕ್ಕೆ ನನಗೆ ಆಗಲ್ಲ, ಅವರಿಗೆ ಗೊತ್ತಾಗಿಬಿಡುತ್ತೆ. ಬರಲಾ?”

ಕ್ಯಾಪ್ಟನ್ ಬೇಲಿಯ ಕಡೆ ತಿರುಗಿದ. ಮಿಸ್ಸಿನ ದುರ್ಬೀನು ನೆಟ್ಟಗೆ ಅವನ ಮೇಲೇ ಇತ್ತು.

“ಅವರು ನಮ್ಮನ್ನೇ ನೋಡ್ತಿದಾರಾ?”

“ಹನ್ನೊಂದು ವರ್ಷದಿಂದ.”

“ಇಷ್ಟು ವರ್ಷದಲ್ಲಿ ನನ್ನನ್ನ ಹೀಗೆ ಯಾರೂ ಕೇಳಿಲ್ಲ,” ಅಂದ. ಆಮೇಲೆ ಮೆಟ್ಟಿಲಿನಿಂದ ಪಕ್ಕಕ್ಕೆ ಸರಿದ. “ಬನ್ನಿ. ಜೋರಾಗಿ ಮಾತಾಡಬೇಡಿ.”

ಒಳಗೆ ಕಿಟಕಿ ಇರಲಿಲ್ಲ, ಮಬ್ಬು ದೀಪ. ಎರಡೂ ಗೋಡೆಗೆ ಒರಗಿದ ಸೀಟುಗಳಲ್ಲಿ ಸೈನಿಕರು ಎದುರುಬದುರಾಗಿ ಸಾಲಾಗಿ ಕೂತಿದ್ದರು. ನಡುವೆ, ನೆಲಕ್ಕೆ ಪಟ್ಟಿಯಿಂದ ಬಿಗಿದ ಒಂದು ಪೆಟ್ಟಿಗೆ. ಅದರ ಮೇಲೆ ಅವರ ದೇಶದ ಬಾವುಟ ಹೊದಿಸಿತ್ತು.

ನಾನು ಬಂದೂಕು ಹುಡುಕಲು ಹೋಗಿದ್ದವನು. ಆದರೆ ನಡುವೆ ಪೆಟ್ಟಿಗೆ, ಎರಡೂ ಕಡೆ ಸಾಲಾಗಿ ಕೂತ ಜನ. ನಮ್ಮ ಈ ಕ್ಲೇರ್ ಸೀಮೆಯವನ ಕಾಲಿಗೆ ಅಂಥ ಕಡೆ ಮಾಡಲು ಒಂದೇ ಕೆಲಸ ಗೊತ್ತು. ಶಿಲುಬೆಯ ಗುರುತು ಮಾಡಿಕೊಂಡೆ, ಮೊದಲ ಸೈನಿಕನ ಮುಂದೆ ನಿಂತು ಕೈ ಚಾಚಿದೆ. “ನಿಮ್ಮ ಕಷ್ಟಕ್ಕೆ ಮರುಗ್ತೀನಿ.” ಒಬ್ಬನ ಕೈ ಹಿಡಿದ ಮೇಲೆ ಪಕ್ಕದವನನ್ನು ಬಿಡುವುದುಂಟೇ? ಇಪ್ಪತ್ತಾರು ಜನ. ಅವರಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಒಬ್ಬ ಎದ್ದು ಸೆಲ್ಯೂಟ್ ಹೊಡೆದ. ಒಬ್ಬ ಪಾಸ್‌ಪೋರ್ಟ್ ತೆಗೆದು ನನ್ನ ಕೈಯಲ್ಲಿಟ್ಟ, ಅದನ್ನು ವಾಪಸ್ಸು ಕೊಟ್ಟು ಕೈ ಕುಲುಕಿದೆ. ಹತ್ತನೆಯವನ ಹೊತ್ತಿಗೆ ಅವರಿಗೂ ಅರ್ಥವಾಯಿತು. ಆಮೇಲಿನವರು ತಾವೇ ಕೈ ಚಾಚಿಕೊಂಡು ಕಾದಿದ್ದರು.

ಮಿಸ್ಸಿನ ಶಿಷ್ಯನಲ್ಲವೇ, ಕೈ ಕುಲುಕುತ್ತಲೇ ಪ್ರತಿಯೊಬ್ಬನ ಕಾಲಿನ ಕೆಳಗೂ ನೋಡಿದೆ. ಹಿಂದುಗಡೆ ಹತ್ತು ಮರದ ಡಬ್ಬಗಳಿದ್ದವು. ಅವನ್ನು ತೆರೆಯಲು ಮತ್ತೆ ಮೂರು ಸಲ ಕೇಳಬೇಕಾಗುತ್ತದೇನೋ ಅಂದುಕೊಂಡೆ, ಕ್ಯಾಪ್ಟನ್ ಒಂದೇ ಮಾತಿಗೆ ತೆರೆಸಿದ. ಕಂಬಳಿ, ಬೂಟು, ಚಹಾ ಕಾಯಿಸುವ ದೊಡ್ಡ ಪಾತ್ರೆ.

ಪೆಟ್ಟಿಗೆಯ ತಲೆಯ ಕಡೆ ಕೂತಿದ್ದವನು ಸಾಲಿನಲ್ಲಿ ಕೊನೆಯವನು. ಅವನ ಕೈ ಬಿಡದೆ ಕೇಳಿದೆ, “ಯಾರಪ್ಪ ಇವರು?”

“ನನ್ನ ಜೊತೆಗಾರ ಸರ್. ನಾಲ್ಕು ವರ್ಷ ಒಂದೇ ಟೆಂಟಲ್ಲಿ ಇದ್ವಿ.”

“ಅವರಮ್ಮ ಇದಾರಾ?”

“ಇದಾರೆ.”

“ಅವರಿಗೆ ನೋಡೋಕೆ ಬಿಡ್ತಾರಾ?”

“ಬಿಡ್ತಾರೆ ಸರ್. ಅವರು ಕೇಳಿದಾರೆ. ತೆರೆಯುವಾಗ ನಾನೇ ಪಕ್ಕದಲ್ಲಿ ನಿಂತಿರ್ತೀನಿ.”

ಮೆಟ್ಟಿಲಿಳಿದು ನೆಲ ನೋಡಿಕೊಂಡು ಬೇಲಿಗೆ ನಡೆದೆ. ಮಿಸ್ ಎದ್ದು ನಿಂತಿದ್ದರು. ಹೆಬ್ಬಾಗಿಲಲ್ಲಿ ಕಾಯುವವರಂತೆ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಂದೂ ಬಿಡದೆ ಎಲ್ಲ ಹೇಳಿದೆ, ಪಾಸ್‌ಪೋರ್ಟ್ ಕೊಟ್ಟವನ ವಿಷಯವನ್ನೂ. ಅವರು ನಗಲಿಲ್ಲ.

“ಬಂದೂಕು?”

“ಕಾಣಲಿಲ್ಲ ಮಿಸ್.”

“ಎಲ್ಲಾ ನೋಡಿದ್ಯಾ? ಹಿಂದುಗಡೆ?”

“ನೋಡಿದೆ. ಡಬ್ಬ ತೆರೆಸಿದೆ. ಆ ಒಂದು ಪೆಟ್ಟಿಗೆ ಬಿಟ್ಟು ಎಲ್ಲಾ ನೋಡಿದೆ. ಅದನ್ನ ತೆರೆಸಲಿಲ್ಲ.”

ಬೈಯುತ್ತಾರೆ ಅಂದುಕೊಂಡೆ. ಅವರು ನಿಧಾನವಾಗಿ ಉಸಿರು ಎಳೆದುಕೊಂಡರು.

“ಒಳ್ಳೇದು ಮಾಡಿದೆ,” ಅಂದರು. “ಅದು ಅವರಮ್ಮ ತೆರೆಸಬೇಕಾದ್ದು. ಅವಳಿಗೆ ನೋಡೋಕೆ ಬಿಡ್ತಾರೆ ಅಂದ್ರಾ?”

“ಬಿಡ್ತಾರಂತೆ ಮಿಸ್. ಅವನ ಜೊತೆಗಾರ ಪಕ್ಕದಲ್ಲಿ ನಿಂತಿರ್ತಾನಂತೆ.”

ಡಿಂಪ್ನಾ ಮಿಸ್ ಅತ್ತಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ತಂತಿಯ ಸಂದಿಯಿಂದ ನನ್ನ ಬೆರಳು ಹಿಡಿದುಕೊಂಡರು. “ನಿನಗೆ ಪುಣ್ಯ ಬರಲಿ ಕಣೋ ಸೆನಾನ್. ಅವಳು ತಟ್ಟೆ ಇಡಬೇಕಾಗಲ್ಲ,” ಅಂದರು. ಆ ಕ್ಷಣ ನನಗೆ ಏನನ್ನಿಸಿತು ಎಂದು ಮುಚ್ಚಿಡುವುದಿಲ್ಲ. ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡಿದ್ದೆ, ಆ ದಿನ ಸಂಪಾದಿಸಿದೆ ಅನ್ನಿಸಿತು.

ಕಣ್ಣೊರೆಸಿಕೊಂಡವರೇ, “ನಾಳೆ ನಾಡಿದ್ದು ಇನ್ನೊಂದು ಬರುತ್ತೆ, ಅದನ್ನೂ ಮೂರು ಸಲ ಕೇಳು,” ಅಂದರು.

ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಮರುದಿನ ಕರೆಸಿದರು. ಬೈಗುಳಕ್ಕೆ ತಯಾರಾಗಿ ಹೋದೆ.

“ಅವರಾಗೇ ಬಿಟ್ರಾ?”

“ಬಿಟ್ರು ಸಾರ್. ಮೂರನೇ ಸಲಕ್ಕೆ.”

ಅವರು ಫಾರಂ ತೆಗೆದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. “ಇದರಲ್ಲಿ ಒಳಗೆ ಹೋಗಿ ನೋಡಿದ್ದಕ್ಕೆ ಕಾಲಮ್ಮೇ ಇಲ್ಲವಲ್ಲಯ್ಯ. ಎಲ್ಲಿ ಬರೀಲಿ?” ಅಂದರು. ಕೊನೆಗೆ ಎಲ್ಲೂ ಬರೆಯದೆ ನನಗೊಂದು ಚಹಾ ತರಿಸಿದರು. ಬೇಡ ಅಂದೆ. ಅವರೂ ನಮ್ಮ ಕಡೆಯವರೇ, ಮೂರು ಸಲ ಕೇಳಿದರು.

ನಿವೃತ್ತನಾಗುವ ತನಕ ಇನ್ನೂ ಎಂಟು ವಿಮಾನಕ್ಕೆ ಮೂರು ಮೂರು ಸಲ ಕೇಳಿದೆ. ಒಬ್ಬರೂ ಬಿಡಲಿಲ್ಲ. ಕೇಳಿದೆ ಎಂದು ಮಾತ್ರ ಹೇಳಬಲ್ಲೆ.

ಮಿಸ್ ಆಗಸ್ಟಿನ ಕೊನೆಯ ವಾರ ಹೋದರು. ಮುಚ್ಚಳ ತೆಗೆದಿಡಬೇಕು ಎಂದು ಕಾಗದದಲ್ಲಿ ಬರೆದು, ಅಡಿಗೆರೆ ಎಳೆದು ಇಟ್ಟಿದ್ದರು, ಯಾರೋ ಮರೆಯುತ್ತಾರೆ ಎನ್ನುವ ಹಾಗೆ. ಊರು ಬಂತು. ಹನ್ನೊಂದು ವರ್ಷ ಬೆರಳೆತ್ತದವರೆಲ್ಲ ಗೇಟಿನಿಂದಾಚೆ ರಸ್ತೆಯವರೆಗೆ ಸಾಲು ನಿಂತರು. ಕನ್ಸೆಪ್ಟಾ ಸ್ಯಾಂಡ್‌ವಿಚ್ಚಿನ ನಾಲ್ಕು ದೊಡ್ಡ ತಟ್ಟೆ ಹೊತ್ತು ತಂದಳು. ನಾನು ಮುಖ ನೋಡಿದೆ, ಕೈ ಮುಟ್ಟಿದೆ. ಅವರ ಸೋದರಸಂಬಂಧಿಗಳ ಕೈಯನ್ನೆಲ್ಲ ಒಂದೂ ಬಿಡದೆ ಕುಲುಕಿದೆ.

ಅಡುಗೆಮನೆಯ ಮೇಜಿನ ಮೇಲೆ, ಚಹಾ ಕಪ್ಪುಗಳ ಪಕ್ಕದಲ್ಲಿ, ನೋಟ್‌ಬುಕ್ಕುಗಳನ್ನು ಒಟ್ಟಿದ್ದರು. ಜನ ಚಹಾ ಕುಡಿಯುತ್ತ ತಿರುವಿ ಹಾಕುತ್ತಿದ್ದರು. ನಾನು ಕೊನೆಯ ಪುಸ್ತಕ ತೆಗೆದು ಆ ಜುಲೈ ಗುರುವಾರದ ಪುಟ ಹುಡುಕಿದೆ. ತಾರೀಖು, ಹನ್ನೊಂದು ಗಂಟೆ, ಬಾಲದ ನಂಬರು. ನಾಲ್ಕನೇ ಕಾಲಮ್ಮಿನಲ್ಲಿ ಅದೇ ದುಂಡು ಅಕ್ಷರದಲ್ಲಿ ‘ಸೆನಾನ್ ಲಿಲ್ಲಿಸ್. ಪೆಟ್ಟಿಗೆ ಒಂದು ಬಿಟ್ಟು ಎಲ್ಲ.’ ಅದರ ಪಕ್ಕದಲ್ಲಿ, ಮೂರನೇ ತರಗತಿಯಲ್ಲಿ ನನಗೆ ಒಂದು ಸಲವೂ ಬೀಳದಿದ್ದ ಕೆಂಪು ರೈಟು.

ಪುಸ್ತಕ ಮುಚ್ಚಿಟ್ಟು ಹೊರಗೆ ಬಂದೆ. ಗೇಟು ದಾಟಿ, ಸಾಲಿನ ಕೊನೆಗೆ ಹೋಗಿ ಇನ್ನೊಮ್ಮೆ ನಿಂತೆ.